ಸಂತೆಯ ಚೀಲ

ಶಹಾಪುರ

ಅವ್ವನಿಗೆ ಪಂಚಶೀಲಾಳ ಜೈಭೀಮ.

ಮನೆ ರಿಪೇರಿಗೆ ಗುತ್ತೇದಾರ ಸಿಕ್ಕಿದ. ಕಾರು, ಗಾಜಿನ ಆಫೀಸು ನೋಡಿ ನಾನು ಒಬ್ಬನಿಗೆ ಮುಂಗಡ ಕೊಡುವವಳಿದ್ದೆ. "ಅವನ ಕಾರು ನೋಡಬ್ಯಾಡ. ಸಂತಿ ದಿನ ಅವನ ಆಳಿನ ಹೆಣ್ಮಕ್ಕಳ ಚೀಲ ನೋಡು" ಎಂದು ನೀನು ಅಂದಾಗ ನಕ್ಕಿದ್ದೆ. ಆದರೂ ಹೋಗಿ ಸಂತೆಯಲ್ಲಿ ನಿಂತೆ.

ಕಾರಿನವನ ಆಳುಗಳು ಉಳ್ಳಾಗಡ್ಡಿ ರೇಟು ಕೇಳಿ ಕೊಳ್ಳದೆ ಮುಂದೆ ಹೋದರು. "ಕೂಲಿ ಬಟವಾಡಿ ಮುಂದಿನ ವಾರ ಅಂದಾರ್ರಿ" ಎಂದಳು ಒಬ್ಬಳು. ನಮ್ಮ ಮನೆ ನೋಡಲು ಹಳೇ ಬೈಕಿನಲ್ಲಿ ಬಂದಿದ್ದ ಇನ್ನೊಬ್ಬ ಗುತ್ತೇದಾರ ಹಣಮೇಶಪ್ಪನ ಆಳುಗಳು ಮಾತ್ರ ತುಂಬಿದ ಚೀಲ ಹೊತ್ತು, ಮಕ್ಕಳಿಗೆ ಚುರುಮುರಿ ಕಟ್ಟಿಸಿಕೊಂಡು ಹೊರಟಿದ್ದರು. "ಮನಿ ಮಾಲಕರು ಕೊಡಲಿ ಬಿಡಲಿ, ನಮ್ಮ ಬಟವಾಡಿ ತಪ್ಪಂಗಿಲ್ರಿ" ಅಂದರು. ಲೆಕ್ಕ ನೋಡಿ ಸಾಲ ಕೊಡುವ ಬ್ಯಾಂಕಿನವರಿಗೂ ಕಾಣದ್ದು ನಿನಗೆ ಹೇಗೆ ಕಂಡಿತು ಎಂದು ಅಲ್ಲೇ ಬೆರಗಾಗಿ ನಿಂತುಬಿಟ್ಟೆ.

ಆಮೇಲೆ ಹೊಳೆಯಿತು. ಸುರಪುರದಲ್ಲಿ ನೀನು ಗಾರೆ ಹೊರುತ್ತಿದ್ದಾಗ ಕೆಲವು ಸಂತೆಯ ದಿನ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದೆ. "ಇವತ್ತ ಸಂತಿ ಕೂಡಿಲ್ಲವ್ವ" ಎನ್ನುತ್ತಿದ್ದೆ. ನಾವು ನಂಬುತ್ತಿದ್ದೆವು. ಇದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ.

ಸೋಮವಾರ ಹಣಮೇಶಪ್ಪ ಕೆಲಸ ಹಿಡಿಯುತ್ತಾನೆ. ನೀನು ಬಾ. ಬರುವಾಗ ಆ ಚೀಲ ತಾ. ಇಬ್ಬರೂ ಸಂತೆಗೆ ಹೋಗೋಣ.

ನಿನ್ನ ಮಗಳು
ಪಂಚಶೀಲಾ