ಮೆರೂನ್ ಬಣ್ಣದ ತುದಿ

ಜನವರಿ 9, ಗುರುವಾರ

ಕಳಲೆಯಲ್ಲಿ ಕಾಲುಬಾಯಿ ಜ್ವರದ ಲಸಿಕೆ. ಅರವತ್ತಮೂರು ಹಸು, ಮೊಣಕಾಲಿಗೆ ಒಂದು ಒದೆ. ಟೀ ಕುಡಿಯುವಾಗ ಅರಣ್ಯ ಇಲಾಖೆಯಿಂದ ಫೋನ್ — ನಮ್ಮ ಡಾಕ್ಟರ್ ರಜೆ, ಪೋಸ್ಟ್‌ಮಾರ್ಟಂಗೆ ನೀವು ಬನ್ನಿ.

ಸೀಳುನಾಯಿ. ಹೆಣ್ಣು. ಸೊಂಟಕ್ಕೆ ಬೈಕಿನ ಕ್ಲಚ್ ವೈರಿನ ಉರುಳು. ಒದ್ದಾಡಿದಷ್ಟೂ ಬಿಗಿದು ಚರ್ಮ ಸೀಳಿ ಒಳಗಿಳಿದಿದೆ. ಸುತ್ತಲಿನ ನೆಲ ಉತ್ತ ಹಾಗೆ. ಸಾಯುವ ಮುಂಚೆ ಕನಿಷ್ಠ ಎರಡು ದಿನ ಜೀವ ಹಿಡಿದಿತ್ತು. ಮೊಲೆಯಲ್ಲಿ ಹಾಲು.

ವಾಚರ್ ಶಿವಮೂರ್ತಿ ಒಂದು ಮಾಂಸದ ತುಂಡು ತೋರಿಸಿದ. "ಮಿಕ್ಕಿದ್ ನಾಯ್ಗಳು ತಂದಿಕ್ಕವೆ ಮೇಡಂ. ಇದ್ಕೆ ತಿನ್ನಕಾಗಿಲ್ಲ."

ತಂತಿ ಕತ್ತರಿಸಿ ಸೀಲ್ ಮಾಡಲು ಕೊಟ್ಟೆ. ತುದಿಯಲ್ಲಿ ಮೆರೂನ್ ಚುಕ್ಕೆ. ರಿಪೋರ್ಟ್‌ನಲ್ಲಿ ಅದನ್ನು ಬರೆಯಲಿಲ್ಲ. ರಕ್ತ ಅಂದುಕೊಂಡೆ ಅಂತ ಈ ಡೈರಿಯಲ್ಲಿ ಬರೆಯಬಹುದು... ಇಲ್ಲ. ರಕ್ತ ಅಲ್ಲ ಅಂತ ಗೊತ್ತಿತ್ತು.

ಅದೇ ದಿನ, ಸಂಜೆ 6

ಟಿ. ನರಸೀಪುರದಲ್ಲಿ ನನ್ನ ಗಂಡ ನಂಜೇಶ್‌ದು ಬೈಕ್ ಸ್ಪೇರ್ಸ್ ಅಂಗಡಿ. ಒಮ್ಮೆ ಬಿಚ್ಚಿದ ಹಳೇ ವೈರನ್ನೇ ತಿರುಗಿ ಹಾಕಿ ಗಿರಾಕಿಯಿಂದ ಬೈಸಿಕೊಂಡಿದ್ದ. ಆಮೇಲಿಂದ ಹಳೆಯದರ ತುದಿಗೆಲ್ಲ ಮೆರೂನ್ ನೇಲ್ ಪಾಲಿಶ್ ಗುರುತು. ಐಡಿಯಾ ನನ್ನದೇ. ಬಾಟಲಿಯೂ.

ಜನವರಿ 10

ಊಟದ ಹೊತ್ತಿಗೆ ನಂಜೇಶನಿಗೆ ನಾಯಿಯ ವಿಷಯ ಹೇಳಿ ಕೇಳಿದೆ. ಹಳೇ ವೈರೆಲ್ಲ ಯಾರಿಗೆ ಕೊಡ್ತೀಯ?

"ಅಣ್ಣ ಒಯ್ದ. ಬಾಳೆಗೆ ಊರುಗೋಲು ಕಟ್ಟಕ್ಕೆ." ಸಾರು ಕಲಸುತ್ತಲೇ ಇದ್ದ. "ಒಂದು ನಾಯಿಗೆ ಇಷ್ಟೊಂದಾ?"

ಒಂದು ನಾಯಿ! ಶಿವಮೂರ್ತಿ ಬಿಚ್ಚಿದ್ದು ಹನ್ನೊಂದು ಉರುಳು.

ಜನವರಿ 12, ಭಾನುವಾರ

ನಂಜೇಶನ ಅಣ್ಣ, ಬೆಟ್ಟಸ್ವಾಮಿ ಭಾವನ ತೋಟಕ್ಕೆ ಹೋಗಿದ್ದೆ. ಬಾಳೆ ಈಚೆ, ಆನೆ ಕಂದಕ ನಡುವೆ, ಕಾಡು ಆಚೆ. ಭಾವ ಏನನ್ನೂ ಮುಚ್ಚಿಡಲಿಲ್ಲ. ಅದೇ ಮೈ ಉರಿಸಿದ್ದು.

"ನಮ್ಮನೇಲಿ ಮೊಟ್ಟೆ ಕೂಡ ಒಡಿಯಲ್ಲ ಕಣಮ್ಮ. ನಾನು ಕೊಲ್ಲೋನಾ? ತಂತಿ ಕಟ್ಟಿದ್ದು ಕಾಡಂದಿಗೆ. ನಾಯಿನ ಯಾರು ಕರೆದ್ರು?"

"ಬಿದ್ದ ಹಂದಿ?"

"ತಿನ್ನೋರು ಎತ್ಕೊಂಡೋಯ್ತಾರೆ. ನಾವು ಆ ಕಡೆ ತಿರುಗೂ ನೋಡಲ್ಲ."

ತಿರುಗಿ ನೋಡದಿದ್ದರೆ ಕೈ ಶುದ್ಧ.

"ಕಂದಕದ ಆಚೆ ಕಾಡು ಭಾವ. ಅಲ್ಲಿ ಯಾಕೆ ಕಟ್ಟಿದ್ರಿ?"

"ಈಚೆ ಕಟ್ಟಿದ್ರೆ ನನ್ ಅಸ ಸಿಕ್ಕಾಕೊಳ್ಳಲ್ವಾ?"

ಆ ಹಸುವಿಗೆ ಹೋದ ತಿಂಗಳು ಹೆರಿಗೆ ಮಾಡಿಸಿದ್ದು ನಾನು. ಭುಜದವರೆಗೆ ಕೈ ಹಾಕಿ. ಭಾವ ಆವತ್ತು ಅತ್ತಿದ್ದರು.

ಭಾವನ ಹೆಂಡತಿ ಸರ್ವಮಂಗಳಕ್ಕ ಕಾಫಿ ಕೊಡುತ್ತಾ, "ನಾಯ್ಗೂ ಅನ್ನೊಂದು ದಿನದ ಕಾರ್ಯ ಮಾಡಿಸ್ತೀಯೇನಮ್ಮ, ಡಾಕ್ಟ್ರೇ?" ಎಲ್ಲರೂ ನಕ್ಕರು. ಕಾಫಿ ಕುಡಿದೆ. ಯಾಕೆ ಕುಡಿದೆ?

ಜನವರಿ 20, ಸೋಮವಾರ

ಎಂಟು ದಿನ ಏನೂ ಬರೆದಿಲ್ಲ. ಹಬ್ಬ ಅನ್ನುವುದು ನೆಪ.

ಇಂದು ಗೋವಿಂದಮ್ಮ ಆಸ್ಪತ್ರೆಗೆ ಬಂದಿದ್ದಳು. ಪ್ರತಿಸಲ ಮೇಕೆ ತರುತ್ತಿದ್ದವಳು ಬರಿಗೈಲಿ. ಅವಳ ಗಂಡ ಮಂಟೇಸ್ವಾಮಿ, ನಮ್ಮ ಭಾವನ ತೋಟದಲ್ಲಿ ಕೂಲಿ.

"ಸೌದೆಗೋಗಿದ್ರು ಕಣವ್ವ. ತಂತಿ ಕಟ್ಟಿದ್ದು ನೀನೇಯ ಅಂತ ಫಾರೆಸ್ಟ್ನೋರು ಇಡ್ಕೊಂಡೋದ್ರು. ನಿಮ್ ಭಾವನೋರು ಜಾಮೀನು ಕೊಡಿಸ್ತೀನಿ ಅಂದವ್ರೆ. ದೇವ್ರಂಥೋರು."

ದೇವರಂಥವರು. ಆ ಮಾತು ಕೇಳಿಸಿಕೊಂಡು ಕುರ್ಚಿಯಲ್ಲಿ ಕೂತೇ ಇದ್ದೆ. ಆ ಚುಕ್ಕೆ ಬರೆದಿದ್ದರೆ ಅವನನ್ನು ಹಿಡಿಯುತ್ತಿರಲಿಲ್ಲವೇನೋ. ಉರುಳು ಕಟ್ಟಿ ಆ ಕಡೆ ನೋಡದ ಭಾವನಿಗೂ ನನಗೂ ಏನು ವ್ಯತ್ಯಾಸ?

ರಾತ್ರಿ, ರೇಂಜ್ ಆಫೀಸಿಗೆ ಹೋಗಿ ಎಲ್ಲ ಹೇಳ್ತೀನಿ ಅಂದೆ. ನಂಜೇಶ್: "ಅಣ್ಣ ಒಳಗೆ ಹೋದ್ರೆ ನಾನು ಯಾವ ಮುಖ ಇಟ್ಕೊಂಡು ಊರಿಗೆ ಹೋಗ್ಲಿ? ಮಂಟೇಸ್ವಾಮಿಗೆ ಹೇಗೂ ಜಾಮೀನು ಸಿಗುತ್ತಲ್ಲ."

"ತಪ್ಪು ಮಾಡದವನಿಗೆ ಜಾಮೀನು ಯಾಕೆ ಬೇಕು?" ಅಂದೆ. ಎದ್ದು ಹೋದ.

ಜನವರಿ 21, ಬೆಳಗ್ಗೆ 10:20

ರೇಂಜ್ ಆಫೀಸಿನ ಬೆಂಚು. ನಂಜೇಶ್‌ದು ನಾಲ್ಕು ಮಿಸ್ಡ್ ಕಾಲ್. ಬ್ಯಾಗಿನಲ್ಲಿ ಮೆರೂನ್ ಬಾಟಲಿ, ತಳದಲ್ಲಿ ಸ್ವಲ್ಪ ಉಳಿದಿದೆ. ಶಿವಮೂರ್ತಿ ಹೇಳಿದ — ಮರಿಗಳು ಸಿಕ್ಕಿಲ್ಲ.

ಹೇಳಿಕೆಯನ್ನು ಮನಸ್ಸಿನಲ್ಲೇ ಸಾಲು ಮಾಡಿಕೊಂಡಿದ್ದೇನೆ. ತುದಿಯ ಬಣ್ಣ ನನ್ನದು. ನೋಡಿಯೂ ಬರೆಯದೆ ಬಿಟ್ಟವಳು ನಾನು. ತಂತಿ ನನ್ನ ಗಂಡನ ಅಂಗಡಿಯದು. ಅದನ್ನು ಕಾಡಿನೊಳಗೆ ಕಟ್ಟಿದವರು —

ಒಳಗೆ ಕರೆದರು.