ಕೇಬಲ್ ಕಿತ್ತ ದಿನ

೨೦೦೫ ಜುಲೈ ೧೧

ಕ್ಲಾಸು ಮುಗಿಸಿ ಪುಣೆಯ ಕಾತ್ರಜದ ಮನೆಗೆ ಬಂದೆ. ಅಂಗಿಗೆಲ್ಲ ಸಾಂಬಾರಿನ ವಾಸನೆ — ಮಾರ್ಕೆಟ್ ಯಾರ್ಡ್ ಹತ್ತಿರದ ಹೋಟೆಲಿನ ಮಾಳಿಗೆಯೇ ನಮ್ಮ ಶಾಲೆ. ಸ್ವರ್ಣಲತಾ ಮೇಡಂ ಅವರ ತಂದೆಯ ಹೋಟೆಲು. ಆ ಹಿರಿಯರು ನೇವಿಯಲ್ಲಿ ರೇಡಿಯೊ ಆಪರೇಟರ್ ಆಗಿದ್ದರಂತೆ. ರಿಟೈರಾಗಿ ಗಲ್ಲಾದ ಮೇಲೆ ಕೂತರು. ಅದಕ್ಕೇ ಮೇಡಂ ನಮ್ಮಂಥ ಮಾಜಿ ಫೌಜಿಗಳನ್ನು ಹುಡುಕಿ ಹುಡುಕಿ ನೆಟ್‌ವರ್ಕ್ ಸೆಕ್ಯುರಿಟಿ ಕಲಿಸುತ್ತಾರೆ. ಪುಣ್ಯಾತ್ಗಿತ್ತಿ.

ಇವತ್ತು ಮರ್ಯಾದೆ ಹೋಯಿತು. ಪರೀಕ್ಷೆಗೆಂದು ಸರ್ವರ್ ಮಷೀನಿಗೆ ವೈರಸ್ ಬಿಟ್ಟಿದ್ದರು. ಕಂಡುಹಿಡಿದೆ. ಕೇಬಲ್ ಕಿತ್ತಿದ್ದರೆ ಮುಗಿಯುತ್ತಿತ್ತು. ಕೀಳಲಿಲ್ಲ — ಮೇಡಂ ಕ್ಯಾಬಿನ್ನಿನಲ್ಲಿ ಫೋನಿನಲ್ಲಿದ್ದರು, ಬಾಗಿಲಲ್ಲಿ ಪರೇಡಿನಂತೆ ಸಾವಧಾನ್ ನಿಂತು ಕಾದೆ. ಅಷ್ಟರಲ್ಲಿ ಎಲ್ಲ ಮಷೀನೂ ಢಮಾರ್.

"ಎಂತ ಮಾರಾಯ್ರೆ, ಸುಮ್ಮನೆ ಯಾಕೆ ನಿಂತದ್ದು?"

"ಹುಕುಂ ಇಲ್ಲದ ಹ್ಯಾಂಗ್ ಮುಟ್ಲಿರಿ ಮೇಡಂ?"

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದಾ?"

ಸೈನ್ಯದ ಸಿಗ್ನಲ್ಸ್ ದಳದ ಹವಾಲ್ದಾರ ನಾನು... ಕೈ ಕಟ್ಟಿ ನಿಂತೆ.

ಜುಲೈ ೧೪

ಚಾಕಣದ ಕಾರ್ಖಾನೆಯ ಗೇಟಿಗೆ ವಾಚ್‌ಮನ್ ಬೇಕಂತೆ. ಹೆಂಡತಿ ಭಾಗ್ಯಾಳ ಅಣ್ಣ ಭೀಮಣ್ಣ ಮಾತಾಡಿ ಇಟ್ಟಿದ್ದಾನೆ. ಹೋಗಿಬಿಡುತ್ತೇನೆ ಎಂದೆ. ಭಾಗ್ಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ವೈರ್‌ಲೆಸ್ ಮುಂದ ಕುಂತವ್ರು ಗೇಟ್ ಮುಂದ ಕುಂದರ್ತೀರೇನು? ಭಾಳ ಅವಸರ ಮಾಡಬ್ಯಾಡ್ರಿ."

ಇವಳಿಗೆ ನನ್ನ ಮೇಲೆ ನನಗಿಂತ ಹೆಚ್ಚು ನಂಬಿಕೆ.

ಆಗಸ್ಟ್ ೨೨

ಬರೆಯಲು ಪುರುಸೊತ್ತೇ ಇಲ್ಲ. ಭಾಗ್ಯಾಳ ಮಾತು ಕೇಳಿ ಕ್ಲಾಸು ಬಿಡಲಿಲ್ಲ; ಈಗ ಮೇಡಂ ಹೇಳಿ ಸೇರಿಸಿದ ಕಂಪನಿಯಲ್ಲಿ ಟ್ರಯಲ್ ಮೇಲೆ ಇದ್ದೇನೆ. ಪಾಸಾದರೆ ನೌಕರಿ ಪಕ್ಕಾ. ಇಲ್ಲವಾದರೆ ಚಾಕಣ.

ಆಗಸ್ಟ್ ೨೪, ಮಧ್ಯಾಹ್ನ

ಕಿತ್ತೆ! ಅಕೌಂಟ್ಸ್ ಮಷೀನಿನಿಂದ ಡೇಟಾ ಹೊರಗೆ ಹೋಗುತ್ತಿತ್ತು, ಒಂದೇ ಸಮ. ಮ್ಯಾನೇಜರ್ ಅಕ್ಷಯ್ ಸಾಹೇಬರು ಮೀಟಿಂಗಿನಲ್ಲಿ. ಕಾಲು ತಾನಾಗಿ ಅವರ ಬಾಗಿಲಿಗೆ ಹೊರಟಿತು. ತಡೆದೆ. ಕೇಬಲ್ ಕಿತ್ತೆ. ಇಡೀ ಮಹಡಿ ಬಂದ್. ಕೂಗಾಟ.

ಆಮೇಲೆ ತಿಳಿಯಿತು — ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಸಾಹೇಬರೇ ಹಚ್ಚಿಟ್ಟಿದ್ದ ಬ್ಯಾಕಪ್. ಸಂಜೆ ಕರೆದಿದ್ದಾರೆ. ಮುಗಿಯಿತು ಕಥೆ.

ಅದೇ ದಿನ, ಸಂಜೆ

ಬೈಗುಳ ತಿನ್ನಲು ತಯಾರಾಗಿ ಹೋದೆ. ಅಕ್ಷಯ್ ಸಾಹೇಬರು ನಕ್ಕರು.

"ಅಂಬಾದಾಸ್ ಅವ್ರೇ, ಬ್ಯಾಕಪ್ ವಿಷ್ಯ ನಿಮಗೆ ಹೇಳದೇ ಇದ್ದಿದ್ದು ನನ್ನ ತಪ್ಪು. ನಿಜವಾದ ಕಳ್ಳ ಬಂದ್ರೂ ನೀವು ಕಾಯೋದಿಲ್ಲ ಅಂತ ಗೊತ್ತಾಯ್ತಲ್ಲ. ಟ್ರಯಲ್ ಸಾಕು. ನಾಳೆಯಿಂದ ಪರ್ಮನೆಂಟ್."

ದೇವರೇ! ಮೇಡಂಗೆ ಫೋನ್ ಮಾಡಿದೆ. ಸುದ್ದಿ ಹೇಳುತ್ತಲೇ ಅತ್ತುಬಿಟ್ಟೆ.

"ಅಳುವುದೆಲ್ಲ ಬೇಡ ಮಾರಾಯ್ರೆ. ಆದಿತ್ಯವಾರ ಬನ್ನಿ, ಹೊಸ ಬ್ಯಾಚ್ ಉಂಟು."

ಭಾಗ್ಯಾ ಸುದ್ದಿ ಕೇಳಿದ್ದೇ ಒಲೆ ಹಚ್ಚಿದಳು. ಹೋಳಿಗೆಗೆ ಕಡಲೆಬೇಳೆ ಇಟ್ಟಳು.

ಆಗಸ್ಟ್ ೨೮

ಹೋಟೆಲಿನ ಮಾಳಿಗೆ. ಹೊಸ ಬ್ಯಾಚಿನಲ್ಲಿ ಸೊಲ್ಲಾಪುರ ಕಡೆಯ ಒಬ್ಬ ಮಾಜಿ ಫೌಜಿ, ನಾಯಕ್ ದರ್ಜೆಯವ. ವೈರಸ್ ಕಂಡುಹಿಡಿದ. ಎದ್ದ. ಮೇಡಂ ಫೋನಿನಲ್ಲಿ. ಹೋಗಿ ಬಾಗಿಲಲ್ಲಿ ನಿಂತ — ಸಾವಧಾನ್!

ಮೇಡಂ ಮಾತಾಡುತ್ತಲೇ ನನ್ನತ್ತ ಕಣ್ಣು ಮಿಟುಕಿಸಿದರು. ಆಗ ಕಂಡಿತು: ಫೋನಿನ ವೈರು ಗೋಡೆಗೆ ಸಿಕ್ಕಿಸಿಯೇ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತ ದಿನವೂ ಸಿಕ್ಕಿಸಿರಲಿಲ್ಲವೇನೋ!

ನಗುವೂ ಬಂತು, ಕಣ್ಣೂ ತುಂಬಿತು. ಈ ತಾಯಿಯ ಋಣ ಹೇಗೆ ತೀರಿಸಲಿ? ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟೆ.

"ತಮ್ಮಾ," ಅಂದೆ, "ಯಾರ ಹುಕುಂ ಕಾಯಾಕತ್ತೀ?"