ಸೀಟಿಹಕ್ಕಿಯ ತಿರುವು

ಮಾರ್ಚ್ 3

ಮತ್ತೆ ಬಿಸಿನೀರಿಲ್ಲ. ಬೆಟ್ಟದ ಮೇಲಿನ ಈ ಲಾಡ್ಜಿನಲ್ಲಿ ಗೀಸರ್ ಇರುವುದು ಗೋಡೆಯ ಅಂದಕ್ಕೆ. ಸಾಕ್ಸ್ ಒದ್ದೆ — ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಅಪ್ಪ ಆಗಲೇ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ. ಎಪ್ಪತ್ತು ದಾಟಿದೆ, ಸಡಗರ ಮಾತ್ರ ಮದುವೆ ಗಂಡಿನದು.

ಮೇಲೆ ಬರೀ ಹುಲ್ಲು, ಬಂಡೆ, ಗಾಳಿ. ಹದ್ದನ್ನು ಎಲ್ಲರಿಗಿಂತ ಮೊದಲು ಕಂಡದ್ದು ಅಪ್ಪ. ನಮ್ಮ ಜೊತೆ ಬಂದಿರುವ ಹಲ್ಲಿನ ಡಾಕ್ಟರು ತಮ್ಮ ತೋಳುದ್ದದ ಲೆನ್ಸ್ ತಿರುಗಿಸುವಷ್ಟರಲ್ಲಿ ಹಕ್ಕಿ ಗುಡ್ಡ ದಾಟಿತ್ತು. ಒಳಗೊಳಗೇ ಖುಷಿಪಟ್ಟೆ.

ಒಂದು ತಮಾಷೆ. ಹೊಸ ಶೂ ಕಚ್ಚುತ್ತಿದೆ. ಹೆಜ್ಜೆ ಹೆಜ್ಜೆಗೂ ಮುಖ ಕಿವುಚುತ್ತಿದ್ದೆ. ನನ್ನನ್ನೇ ನೋಡುತ್ತಿದ್ದ ಅಪ್ಪ ಪಿಸುಗುಟ್ಟಿದ, "ಮರಕುಟಿಗ ಅಲ್ವಾ? ಎಲ್ಲಿ?"

"ಅಪ್ಪಾ, ಇಲ್ಲಿ ಮರಾನೇ ಇಲ್ಲ. ಏನನ್ನ ಕುಟ್ಟುತ್ತೆ, ನಿನ್ನ ತಲೇನಾ?"

ಗೈಡ್ ನಕ್ಕ. ಡಾಕ್ಟರೂ ನಕ್ಕರು. ಅಪ್ಪ ನಗಲಿಲ್ಲ... ಚುಚ್ಚಿತೇನೋ.

ಮಾರ್ಚ್ 4, ಜೀಪಿನಲ್ಲಿ

ಇಳಿಯುತ್ತಿದ್ದೇವೆ. ಚಳಿ ಬಿಟ್ಟಿತು, ಸ್ವೆಟರ್ ಚೀಲ ಸೇರಿತು. ಅಪ್ಪ ಮುಂದಿನ ಸೀಟಿನಲ್ಲಿ. ಹಿಂದಿನಿಂದ ಎಷ್ಟು ಕರೆದರೂ ತಿರುಗಲಿಲ್ಲ. ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಅಮ್ಮನ ಫೋನ್ ಬಂತು, ಎಂದಿನಂತೆ ನನಗೇ ದಾಟಿಸಿದ — "ನೀನೇ ಮಾತಾಡು."

ಈ ಪ್ರವಾಸವೇ ಸೀಟಿಹಕ್ಕಿಗಾಗಿ. ಕೆಳಗಿನ ಮಳೆಕಾಡಿನಲ್ಲಿ ಮಾತ್ರ ಇರುವ ಹಕ್ಕಿ. ಕಣ್ಣಿಗೆ ಬೀಳುವುದು ಅಪರೂಪ, ಕೂಗು ಮಾತ್ರ ಮನುಷ್ಯ ಸೀಟಿ ಹೊಡೆದ ಹಾಗೆ. ಅಪ್ಪ ಅದನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತಿದ್ದ. ನಾನು ಚಿಕ್ಕವಳಿದ್ದಾಗ ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಆ ಸೀಟಿಯಿಂದಲೇ. ನಿಜವಾದ ಹಕ್ಕಿಯ ಕೂಗನ್ನು ನಾನು ಇದುವರೆಗೂ ಕೇಳಿಲ್ಲ.

ಸಂಜೆ

ಕಾಡು. ಹತ್ತು ಮಾರು ಆಚೆ ಏನೂ ಕಾಣದು. ಗೈಡ್ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ, "ಇಲ್ಲಿ ಕಣ್ಣಿಗೆ ರಜಾ. ಎಲ್ಲಾ ಕಿವೀದೇ ಕೆಲಸ. ಕೂಗೋ ಹಾಗಿಲ್ಲ. ನಾನು ನಾಲಿಗೇಲಿ ಟಕ್ ಅಂದ್ರೆ ಎಲ್ಲಿದ್ದೀರೋ ಅಲ್ಲೇ ನಿಂತ್ಬಿಡಿ." ಅಪ್ಪ ಅವನ ಬಾಯನ್ನೇ ನೋಡುತ್ತ ತಲೆಯಾಡಿಸಿದ. ಒಳ್ಳೆಯ ವಿದ್ಯಾರ್ಥಿ.

ಮಾರ್ಚ್ 5

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಬೆಳಿಗ್ಗೆ ಸಾಲಾಗಿ ಹೊರಟೆವು. ಗೈಡ್, ನಾನು, ಅಪ್ಪ, ಡಾಕ್ಟರು. ಮುಂದಿನ ತಿರುವಿನಲ್ಲಿ ಸೀಟಿಹಕ್ಕಿ ಕೂರುವ ಮರವಿದೆ ಎಂದ ಗೈಡ್. ನನಗೆ ಹೊಳೆಯಿತು — ಅದನ್ನು ಮೊದಲು ಅಪ್ಪನೇ ನೋಡಲಿ. ಅಪ್ಪ ಎಲ್ಲರ ಮುಂದೆ ನಡೆಯಲಿ ಎಂದೆ. ಗೈಡ್ ಒಪ್ಪಲಿಲ್ಲ. ಗೋಗರೆದೆ. "ಆಯ್ತು ಮೇಡಂ, ತಿರುವಿನ ತನಕ ಮಾತ್ರ."

ತೋಳು ಹಿಡಿದು ಅಪ್ಪನನ್ನು ನಾನೇ ಮುಂದಕ್ಕೆ ತಳ್ಳಿದೆ. "ನೀನು ಮುಂದಿರು ಪುಟ್ಟಿ," ಎಂದ. ಸಂಕೋಚ ಅಂದುಕೊಂಡೆ. ಹೋಗು ಹೋಗು ಎಂದು ಕೈಸನ್ನೆ ಮಾಡಿದೆ.

ಟಕ್.

ನಿಂತೆವು. ಅಪ್ಪ ನಿಲ್ಲಲಿಲ್ಲ.

ಟಕ್. ಟಕ್.

ಕೈ ಹಿಂದೆ ಕಟ್ಟಿಕೊಂಡು, ಪಾರ್ಕಿನಲ್ಲಿ ವಾಕಿಂಗ್ ಹೊರಟವನಂತೆ ಹೋಗುತ್ತಿದ್ದ. ಕಣ್ಣು ಮರದ ತುದಿಯಲ್ಲಿ. ತಿರುವಿನ ಪೊದೆಯಲ್ಲಿ ಬೂದು ಗೋಡೆಯೊಂದು ಅಲ್ಲಾಡಿತು. ಆನೆ. ಕಿವಿ ಅಗಲಿಸಿಕೊಂಡು.

ಗೈಡ್ ಓಡಿ ಹಿಂದಿನಿಂದ ಅಪ್ಪನ ಅಂಗಿ ಹಿಡಿದು ಎಳೆದ. ಇಬ್ಬರೂ ಕೆಸರಿಗೆ. ಆನೆ ಘೀಳಿಟ್ಟಿತು — ನನ್ನ ಹಲ್ಲು ಕಟಕಟ ಅಂದವು. ಅಪ್ಪ? ಆನೆಯ ಕಡೆ ತಿರುಗಲೇ ಇಲ್ಲ. ಬಿದ್ದಲ್ಲಿಂದ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನಿತ್ತೋ... ಅದನ್ನು ನೋಡಿದ ಮೇಲೆ ತಿರುಗಿದ.

ಆನೆ ನಿಂತೇ ಇತ್ತು. ಆಮೇಲೆ ಏನನ್ನಿಸಿತೋ, ಕಾಡಿನೊಳಗೆ ಹೋಯಿತು.

ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ.

ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ. ಎರಡು ಸಲ ಬರೆದರೂ ನಂಬಿಕೆ ಬರುತ್ತಿಲ್ಲ.

ಮಾರ್ಚ್ 7

ನಿನ್ನೆ ಇಡೀ ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಅಷ್ಟು ಸಿಟ್ಟು. ಆಮೇಲೆ ಹೊಳೆಯಿತು — ನಾನು ಮಾತು ಬಿಟ್ಟರೆ ಅವನಿಗೇನು ವ್ಯತ್ಯಾಸ? ಬಾತ್‌ರೂಮಿನಲ್ಲಿ ಕೂತು ಅತ್ತೆ.

ಇವತ್ತು ಕಾಡಂಚಿನ ಗೆಸ್ಟ್‌ಹೌಸಿನ ವರಾಂಡದಲ್ಲಿ ಎದುರಿಗೆ ಕೂತು, ತುಟಿ ಕಾಣುವ ಹಾಗೆ ಕೇಳಿದೆ. "ಯಾವಾಗಿಂದ?"

"ಎರಡು ವರ್ಷ ಆಯ್ತು. ಮೊದಲು ಸಣ್ಣ ಹಕ್ಕಿಗಳು ಹೋದ್ವು. ಆಮೇಲೆ ಕೋಗಿಲೆ. ಆಮೇಲೆ ನಿಮ್ಮಮ್ಮ." ನಕ್ಕ, ಭಂಡ.

"ಮಷಿನ್ ಹಾಕಿಸ್ಕೋಬಾರ್ದಿತ್ತಾ?"

"ನೋಡ್ದೆ. ಬರೀ ಗಲಾಟೆ ಕೇಳ್ಸುತ್ತೆ ಕಣೇ. ಹಕ್ಕಿ ಬರಲ್ಲ."

"ಮತ್ತೆ ಪ್ರತಿ ಭಾನುವಾರ ಕೆರೆ ಹತ್ರ? ಹಕ್ಕಿ ಕೂಗಿದ ತಕ್ಷಣ ಇಂಥದ್ದೇ ಅಂತ ಹೇಳ್ತಿದ್ದೆಯಲ್ಲ!"

"ನಿನ್ನ ಮುಖ ಹೇಳ್ತಿತ್ತು. ಗಿಳಿ ಕಿರುಚಿದ್ರೆ ನಿಂಗೆ ಹುಬ್ಬು ಗಂಟಾಗುತ್ತೆ. ಕೋಗಿಲೆಗೆ ಕಣ್ಣು ಅರ್ಧ ಮುಚ್ಚುತ್ತೆ. ಮರಕುಟಿಗ ಕುಟ್ಟಿದ್ರೆ ಹಲ್ಲುನೋವು ಬಂದವಳ ಹಾಗೆ ಕಿವುಚ್ತೀಯ. ಸಣ್ಣವಳಿದ್ದಾಗಿಂದ್ಲೂ ಹಾಗೇ."

ಶೂ ನೆನಪಾಯಿತು. ಮರವೇ ಇಲ್ಲದ ಬೆಟ್ಟದ ಮರಕುಟಿಗ. ಎರಡು ವರ್ಷದಿಂದ ಅವನ ಕಿವಿ ನನ್ನ ಮುಖದಲ್ಲಿತ್ತು. ಆ ಮುಖವನ್ನು ಮೊನ್ನೆ ಅವನ ಬೆನ್ನ ಹಿಂದೆ ಇಟ್ಟವಳು ನಾನು.

"ನಂಗೆ ಹೇಳಿದ್ರೆ ಏನಾಗ್ತಿತ್ತಪ್ಪಾ?"

"ಕಿವುಡನ್ನ ಯಾರು ಕಾಡಿಗೆ ಕರ್ಕೊಂಡು ಹೋಗ್ತಾರೆ ಪುಟ್ಟಿ?"

ನಾನಂತೂ ಕರೆತರುತ್ತಿರಲಿಲ್ಲ.

ಮಾರ್ಚ್ 8, ಬೆಳಿಗ್ಗೆ

ಇವತ್ತು ವಾಪಸ್ಸು. ತಿಂಡಿ ಆದಮೇಲೆ ಜೀಪು. ಅಪ್ಪನನ್ನು ಇನ್ನು ಕಾಡಿನೊಳಗೆ ಬಿಡುವುದಿಲ್ಲ ಎಂದಿದ್ದಾನೆ ಗೈಡ್. ಅವನದೇನೂ ತಪ್ಪಿಲ್ಲ. ವರಾಂಡದಲ್ಲೇ ಕೂತಿದ್ದೇವೆ. ಅಪ್ಪ ಕಡ್ಡಿ ಹಿಡಿದು ಶೂಗಳ ಕೆಸರು ಕೆರೆಯುತ್ತಿದ್ದಾನೆ, ತನ್ನದೂ ನನ್ನದೂ. ಸೀಟಿಹಕ್ಕಿಯ ಮಾತೆತ್ತುತ್ತಿಲ್ಲ. ನಾನೂ...

ಯಾರೋ ಸೀಟಿ ಹೊಡೆದರು. ಅಡುಗೆಯವನಿರಬೇಕು.

ಅಲ್ಲ. ಮತ್ತೆ. ವರಾಂಡದ ಪಕ್ಕದ ಮರದಿಂದ. ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದ ಅದೇ ಸೀಟಿ, ಕೊನೆಗೆ ಸ್ವಲ್ಪ ಏರುವುದೂ ಅದೇ. ಅಪ್ಪ ಒಂದು ಎಳೆಯನ್ನೂ ತಪ್ಪು ಕಲಿತಿರಲಿಲ್ಲ. ನಾನು ತಲೆ ಎತ್ತಿದೆ.

ಅಪ್ಪ ಕಡ್ಡಿ ಕೆಳಗಿಟ್ಟ. ಕುರ್ಚಿ ಎಳೆದು ನನ್ನೆದುರು ಹಾಕಿಕೊಂಡ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ. ಕಣ್ಣು ಕೀಳದೆ ನೋಡಿದ.

"ಎಬ್ಬಿಸ್ದಾಗ ಹೀಗೇ ಕಣ್ಣು ಬಿಡ್ತಿದ್ದೆ," ಎಂದ. "ಅದೇ ಮುಖ. ಬಂತಾ ಪುಟ್ಟಿ? ಮುಖ ಬಗ್ಗಿಸ್ಬೇಡ, ಆಮೇಲೆ ಬರೆದ್ರಾಯ್ತು, ಕೇಳಿಸ್ಕೊಳ್ತೀನಿ..."

ಮತ್ತೆ ಕೂಗುತ್ತಿದೆ, ಇನ್ನೂ ಹತ್ತಿರ, ಪೆನ್ನು ಕೆಳಗೆ—